ಧರೆಪ್ಪನ ಪಡಸಾಲೆಯ ಪಾವಟಿಗೆಗಳು

ಮನೆ ಮಾರಿಬಿಡಬೇಕು ಎಂಬ ವಿಚಾರ ಅಥಣಿಯ ಧರೆಪ್ಪನಿಗೆ ಹೊಳೆದದ್ದು ನಿಪ್ಪಾಣಿಯಲ್ಲಿ. ಅದೂ ತನ್ನ ಹೆಂಡತಿಯ ಅಕ್ಕನ ಗಂಡ ರಾವಸಾಹೇಬನ ಹೊಸ ಬಂಗಲೆಯ ಬಚ್ಚಲಿನಲ್ಲಿ.

ವಾಸ್ತುಶಾಂತಿಯ ಊಟಕ್ಕೆ ಹೋಗಿದ್ದರು. ಕೈಕಾಲು ತೊಳೆದುಕೊಂಡು ಬರುತ್ತೇನೆಂದು ಒಳಗೆ ಹೋದ ಧರೆಪ್ಪ ಗೋಡೆಗೆ ಹಾಕಿದ ನೀಲಿ ಟೈಲ್ಸು ನೋಡುತ್ತ ನಿಂತುಬಿಟ್ಟ. ಕಿಟಕಿಯ ಬೆಳಕು ಟೈಲ್ಸಿನ ಮೇಲೆ ಬಿದ್ದು ನೀರಿನ ಹಾಗೆ ಅಲುಗುತ್ತಿತ್ತು. ನಲ್ಲಿ ತನ್ನ ಪಾಡಿಗೆ ಸುರಿಯುತ್ತಿತ್ತು. ಧರೆಪ್ಪನ ಸ್ವಭಾವವೇ ಹಾಗೆ. ಏನಾದರೂ ಚಂದ ಕಂಡರೆ ಅದರೊಳಗೆ ಇಳಿದುಬಿಡುತ್ತಾನೆ, ಮೇಲೆ ಬರುವ ದಾರಿ ಬೇಗ ಸಿಗುವುದಿಲ್ಲ. ಒಮ್ಮೆ ತೋಟದಲ್ಲಿ ಔಷಧ ಹೊಡೆಯಲು ನಿಂತವನು ಮೋಡ ನೋಡುತ್ತ ನಿಂತು, ಇಡೀ ಪಂಪನ್ನು ಒಂದೇ ದ್ರಾಕ್ಷಿ ಬಳ್ಳಿಗೆ ಖಾಲಿ ಮಾಡಿದ್ದ. ಆ ಬಳ್ಳಿಗೆ ಮುಂದೆ ಯಾವ ರೋಗವೂ ಬರಲಿಲ್ಲ, ದ್ರಾಕ್ಷಿಯೂ ಬರಲಿಲ್ಲ.

"ಧರೆಪ್ಪಾ, ಜೀವಂತ ಅದಿಯೇನೊ ಒಳಗ?" ರಾವಸಾಹೇಬ ಬಾಗಿಲು ಬಡಿದ.

"ಅದೀನ್ರಿ."

"ಹಂಗಾರ ಹೊರಗ ಬಾ. ಮಂದಿ ಪಾಳಿ ಹಚ್ಯಾರ."

ಊಟಕ್ಕೆ ಕುಳಿತಾಗ ರಾವಸಾಹೇಬ ಎಲ್ಲರಿಗೂ ಕೇಳುವ ಹಾಗೆ ಅಂದ: "ನಿಂದೂ ಒಂದ ಮನಿಯೇನೊ ಧರೆಪ್ಪಾ? ಎಮ್ಮಿ ಸೀನಿದ್ರ ಪಡಸಾಲ್ಯಾಗ ಮಲಗಿದವರ ಕೌದಿ ಹಾರ್ತಾವ. ಸ್ಲ್ಯಾಬ್ ಹಾಕ್ಸು, ಸ್ಲ್ಯಾಬ್. ಮಂದೀ ಹಂಗ ಬದುಕು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಧರೆಪ್ಪನೂ ನಕ್ಕ. ಅವನ ಮನಸ್ಸು ಇನ್ನೂ ಬಚ್ಚಲಲ್ಲೇ ಇದ್ದುದರಿಂದ ಮಾತು ಕಿವಿಗೆ ಪೂರ್ತಿ ಇಳಿದಿರಲಿಲ್ಲ. ಇಳಿದದ್ದು ಬಸ್ಸು ಚಿಕ್ಕೋಡಿ ದಾಟಿದ ಮೇಲೆ.

"ಗೌರಾ, ನಮ್ಮ ಎಮ್ಮಿ ಸೀನತೈತೇನ?" ಎಂದು ಹೆಂಡತಿಯನ್ನು ಕೇಳಿದ.

"ದಿನಾ ಸೀನತೈತಿ," ಅಂದಳು ಗೌರಾಬಾಯಿ. "ನಿಪ್ಪಾಣಿ ತನಕಾ ಕೇಳೂದು ಮಾತ್ರ ಇವತ್ತ ಗೊತ್ತಾತು."

ಧರೆಪ್ಪ ಕಿಟಕಿಯ ಹೊರಗೆ ನೋಡಿದ. ಕಬ್ಬಿನ ಗದ್ದೆಗಳ ಮೇಲೆ ಸಂಜೆಯಾಗುತ್ತಿತ್ತು. ಆ ಬೆಳಕಿನಲ್ಲಿ ಅನಂತಪುರ ರಸ್ತೆಯ ತನ್ನ ದ್ರಾಕ್ಷಿ ತೋಟದ ನಡುವೆ ಒಂದು ಬಂಗಲೆ ತಾನಾಗಿಯೇ ಏಳುವುದು ಅವನಿಗೆ ಕಂಡಿತು. ಅದಕ್ಕೆ ನೀಲಿ ಬಚ್ಚಲು ಕೂಡ ಇತ್ತು.

"ಊರಾಗಿನ ಮನಿ ಮಾರೂಣು," ಅಂದ. "ತೋಟದಾಗ ಕಟ್ಟೂಣು."

ಗೌರಾಬಾಯಿಗೂ ಆ ಮನೆಯ ಹೊಗೆ ಸಾಕಾಗಿತ್ತು. "ಖರೇನ ಕಟ್ಟೂದಾದ್ರ ಮಾರ್ರಿ. ಬರೇ ಕಿಡಕ್ಯಾಗ ನೋಡೂದಾದ್ರ ಬ್ಯಾಡ," ಅಂದಳು.

ಕೊಳ್ಳುವವರು ಬೇಗನೇ ಸಿಕ್ಕರು. ಜುಗೂಳ ಕಡೆಯ ವಿರುಪಾಕ್ಷಪ್ಪ ಎಂಬವರು ಸೋಲಾಪುರದ ಬಟ್ಟೆ ಗಿರಣಿಯಲ್ಲಿ ಸೂಪರವೈಜರ್ ಆಗಿದ್ದು ನಿವೃತ್ತರಾಗಿದ್ದರು. ಅವರಿಗೆ ಅಥಣಿಯಲ್ಲಿ ಮನೆ ಬೇಕಾಗಿತ್ತು. ಆದರೆ ಗಿರಣಿಯಲ್ಲಿ ಬಟ್ಟೆಯ ಎಳೆ ಎಳೆ ನೋಡಿ ಪಾಸು ಮಾಡಿದ ಮನುಷ್ಯ. ಮೊದಲು ಮನೆಯ ಒಳಗಿನ ಫೋಟೋ ಕಳಿಸಿರಿ, ಮನಸ್ಸಿಗೆ ಬಂದರೆ ಮಾತ್ರ ಬರುತ್ತೇವೆ ಎಂದು ಹೇಳಿ ಕಳಿಸಿದರು.

ಅಥಣಿಯಲ್ಲಿ ಅಲ್ಲಿಯ ತನಕ ಮನುಷ್ಯರ ಫೋಟೋ ತೆಗೆಸಿದ್ದರು, ದೇವರ ಫೋಟೋ ತೆಗೆಸಿದ್ದರು, ಬಹುಮಾನ ಗೆದ್ದ ಹೋರಿಯ ಫೋಟೋ ಕೂಡ ತೆಗೆಸಿದ್ದರು. ಮನೆಯ ಫೋಟೋ ಯಾರೂ ತೆಗೆಸಿರಲಿಲ್ಲ. ಧರೆಪ್ಪ ಪೇಟೆಯ ಮಹಾವೀರನ ಸ್ಟುಡಿಯೋಕ್ಕೆ ಹೋದ.

ಮಹಾವೀರ ಕೊಲ್ಹಾಪುರದಲ್ಲಿ ಕಲಿತು ಬಂದವನು. ಫೋಟೋ ತೆಗೆಯುವುದಕ್ಕಿಂತ ತೆಗೆದ ಫೋಟೋ ತಿದ್ದುವುದರಲ್ಲಿ ಅವನ ಕೈ ದೊಡ್ಡದು. ಊರಿಗೆಲ್ಲ ಬಣ್ಣದ ರೀಲು ಬಂದಿದ್ದರೂ ಅವನು ಕಪ್ಪುಬಿಳುಪು ಫೋಟೋಕ್ಕೆ ಕೈಯಿಂದಲೇ ಬಣ್ಣ ತೀಡುತ್ತಿದ್ದ. ಅವನು ತಿದ್ದಿದ ಫೋಟೋ ನೋಡಿ ಹುಡುಗಿಯನ್ನು ಒಪ್ಪಿದ ಬೀಗರು, ಮನೆಗೆ ಬಂದು ಅದೇ ಹುಡುಗಿಯ ಕೈಯಿಂದ ಚಹಾ ಇಸಗೊಂಡು, "ಇನ್ನ ಹುಡಿಗೀನ ಕರೀರಿ" ಎಂದು ಕುಳಿತದ್ದೂ ಉಂಟು.

ಮರುದಿನ ಮುಂಜಾನೆ ಮಹಾವೀರ ಬಂದು ಪಡಸಾಲೆಯ ನಡುವೆ ನಿಂತು ಸುತ್ತಲೂ ನೋಡಿದ. ಜೋಳದ ಚೀಲಗಳು. ಒಂದರ ಮೇಲೊಂದು ಏರಿಸಿದ ಗಡಿಗೆಗಳು. ನೆಲುವಿನಿಂದ ಇಳಿಬಿದ್ದ ಉಳ್ಳಾಗಡ್ಡಿ. ಗೂಟಕ್ಕೆ ನೇತು ಹಾಕಿದ ಬಾರುಕೋಲು. ಪಡಸಾಲೆಯ ಎಡಕ್ಕೆ ಗೋಡೆಯಿಲ್ಲದ ದನದ ಅಂಕಣ, ಅಲ್ಲಿಂದ ಮಹಾವೀರನನ್ನೇ ನೋಡುತ್ತ ಮೆಲುಕು ಹಾಕುವ ಎಮ್ಮೆ. ಇಷ್ಟೆಲ್ಲದರ ನಡುವೆ, ಸರಿಯಾಗಿ ಕಣ್ಣಿಗೆ ಅಡ್ಡ, ಎಣ್ಣೆ ಕುಡಿದು ಕಪ್ಪಾದ ಒಂದು ದಪ್ಪ ಕಂಬ.

"ಧರೆಪ್ಪಣ್ಣಾ," ಅಂದ ಮಹಾವೀರ, "ಇದು ಮನಿ ಅಲ್ಲ, ಸಂತಿ. ಎಲ್ಲಾ ಹೊರಗ ತಗಿಬೇಕು."

"ಎಲ್ಲಾ ಅಂದ್ರ?"

"ಎಲ್ಲಾ."

"ಮನಿ ತೋರ್ಸಾಕ ಮನೀನ ಖಾಲಿ ಮಾಡಬೇಕೇನ್ರಿ?" ಎಂದು ಗೌರಾಬಾಯಿ ಅಡುಗೆ ಮನೆಯಿಂದ ಕೇಳಿದಳು.

"ವೈನೀ, ಫೋಟೋ ಅಂದ್ರ ಹಂಗ. ಏನೂ ಇಲ್ಲದಾಗ ಎಲ್ಲಾ ಐತಿ ಅನಸ್ತೈತಿ."

ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ಗಿರಿಜವ್ವನದು. ವಯಸ್ಸಾದ ಹೆಂಗಸು, ಗಲ್ಲಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎಂಬುದು ಆಕೆಗೆ ಗೊತ್ತಿರುತ್ತಿತ್ತು. ಚೀಲ, ಗಡಿಗೆ, ಉಳ್ಳಾಗಡ್ಡಿ ಎಲ್ಲ ಆಕೆಯ ಮನೆಗೆ ಹೋದವು. ಕೊನೆಗೆ ಎಮ್ಮೆಯೂ ಹೋಯಿತು. ಎಮ್ಮೆ ಹೊಸ ಜಾಗದಲ್ಲಿ ನಿಲ್ಲಲು ಒಲ್ಲದೆ ಆಕೆಯ ತುಳಸಿಯ ಮೇಲೆ ಕಣ್ಣು ಹಾಕಿದ್ದರಿಂದ, ಗಿರಿಜವ್ವ ಇಡೀ ದಿನ ಹಗ್ಗ ಹಿಡಿದುಕೊಂಡು ಹಿತ್ತಿಲಲ್ಲೇ ಕೂರಬೇಕಾಯಿತು. ಹೀಗಾಗಿ ಈ ಫೋಟೋ ತೆಗೆದದ್ದು ಗಲ್ಲಿಯಲ್ಲಿ ಆಕೆ ನೋಡದೆ ನಡೆದ ಮೊದಲ ಘಟನೆ. ಮುಂದಿನದಕ್ಕೆಲ್ಲ ಇದೇ ಕಾರಣವಾಯಿತು.

ಖಾಲಿಯಾದ ಪಡಸಾಲೆಗೆ ಸುಣ್ಣ ಬಳಿದರು. ಒಳಗೆ ಬೆಳಕು ಸಾಲದೆಂದು ಮಹಾವೀರ ಅಂಗಳದಲ್ಲಿ ದೊಡ್ಡ ಕನ್ನಡಿ ನಿಲ್ಲಿಸಿ, ಅದರ ಬಿಸಿಲನ್ನು ಬಾಗಿಲೊಳಗೆ ಹಾಯಿಸಿ, ಎದುರಿಗೆ ಧರೆಪ್ಪನ ಬಿಳಿ ಧೋತ್ರ ಹರವಿದ. ಬೆಳಕು ಧೋತ್ರಕ್ಕೆ ಬಡಿದು ಮೂಲೆ ಮೂಲೆಗೆ ಹೋಯಿತು. ಅಜ್ಜನ ಕಾಲದಿಂದ ಕತ್ತಲಾಗಿದ್ದ ತೊಲೆಗಳು ಮೊದಲ ಸಲ ತಮ್ಮ ಬಣ್ಣ ತೋರಿಸಿದವು. ಧೂಳು ಬಂಗಾರದ ಪುಡಿಯಂತೆ ತೇಲಿತು. ಧರೆಪ್ಪ ಧೋತ್ರದ ತುದಿ ಹಿಡಿದು ನಿಂತವನು ಅಲ್ಲೇ ಕಳೆದುಹೋದ.

"ಈ ದನದ ಅಂಕಣ ಮುಚ್ಚಬೇಕು," ಎಂದು ಮಹಾವೀರ ಸ್ಟುಡಿಯೋದಿಂದ ತನ್ನ ಪರದೆ ತರಿಸಿದ. ಮದುಮಕ್ಕಳ ಹಿಂದೆ ಇಳಿಬಿಡುವ ಬಣ್ಣದ ಪರದೆ ಅದು. ಅದರ ಮೇಲೆ ಅಗಲವಾದ ಪಾವಟಿಗೆಗಳು ಮೆಟ್ಟಿಲು ಮೆಟ್ಟಿಲಾಗಿ ಬಳುಕುತ್ತ ಮೇಲೆ ಹೋಗಿದ್ದವು. ಅವುಗಳ ತುದಿಗೆ ಒಂದು ಕಿಟಕಿ, ಕಿಟಕಿಯಾಚೆ ಕೆರೆ, ಕೆರೆಯಲ್ಲಿ ಎರಡು ಹಂಸ. ಎಮ್ಮೆ ನಿಲ್ಲುತ್ತಿದ್ದ ಜಾಗದ ಮುಂದೆ ಅದನ್ನು ತೊಲೆಯಿಂದ ಇಳಿಬಿಟ್ಟರು.

"ನಾವೂ ನಿಲ್ಲೂದೇನ್ರಿ?" ಗೌರಾಬಾಯಿ ಹೊಸ ಸೀರೆ ಉಟ್ಟು ಬಂದಿದ್ದಳು.

"ಮನಿ ಫೋಟೋದಾಗ ಮನಷ್ಯಾರು ಇರಬಾರದ್ರಿ ವೈನಿ."

"ಮನಷ್ಯಾರು ಇಲ್ಲದ ಮನಿಗೆ ನಮ್ಮ ಕಡೆ ಹಾಳಮನಿ ಅಂತಾರ್ರಿ," ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಕಂಬ ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ. ಮಹಾವೀರ ಅದರ ಈ ಮಗ್ಗುಲಿಂದ ಒಂದು, ಆ ಮಗ್ಗುಲಿಂದ ಒಂದು ಫೋಟೋ ತೆಗೆದ. ಸ್ಟುಡಿಯೋದಲ್ಲಿ ಕುಳಿತು ಕಂಬವನ್ನು ಕತ್ತರಿಸಿ ತೆಗೆದು, ಉಳಿದೆರಡು ತುಂಡು ಜೋಡಿಸಿ, ಸಂದಿಗೆ ಬಣ್ಣ ತೀಡಿ, ಅದನ್ನೇ ಮತ್ತೊಮ್ಮೆ ಫೋಟೋ ತೆಗೆದು ದೊಡ್ಡದು ಮಾಡಿದ. ಗೋಡೆಗೆ ಗುಲಾಬಿ, ನೆಲಕ್ಕೆ ತಿಳಿನೀಲಿ ಬಣ್ಣ ಹಚ್ಚಿದ. ಪರದೆಯ ಅಂಚು ಗೋಡೆಯಲ್ಲಿ ಕರಗಿ ಹೋಯಿತು. ಮುಗಿದ ಮೇಲೆ ಅದನ್ನು ದೂರ ಹಿಡಿದು ನೋಡಿ, ಧರೆಪ್ಪನನ್ನು ಕರೆಸಿದ.

"ಇದು ಯಾರ ಮನಿ?" ಎಂದು ಕೇಳಿದ ಧರೆಪ್ಪ.

"ನಿಂದ."

ಧರೆಪ್ಪ ನೋಡಿದ. ಕಂಬವಿಲ್ಲದ ವಿಶಾಲ ಪಡಸಾಲೆ. ಎಲ್ಲಿಂದಲೋ ಬಂದ ಬೆಳಕು. ಮೇಲಕ್ಕೆ ಹೋಗುವ ಪಾವಟಿಗೆಗಳು. ಮೇಲೆ ಏನೋ ಇದೆ, ಹತ್ತಿ ಹೋದರೆ ತಂಪು ಗಾಳಿ ಬರುತ್ತದೆ ಎಂದು ಯಾರಿಗಾದರೂ ಅನಿಸಬೇಕು. ಅವನಿಗೂ ಅನಿಸಿತು. ಈ ಪಾವಟಿಗೆ ಬಣ್ಣದ್ದು ಎಂಬ ಮಾತನ್ನು ಅವನು ಮಹಾವೀರನಿಗೆ ಹೇಳಲಿಲ್ಲ, ಮಹಾವೀರ ಅವನಿಗೆ ಹೇಳಲಿಲ್ಲ. ಒಂದು ಪ್ರತಿ ಸೋಲಾಪುರಕ್ಕೆ ಹೋಯಿತು. ಇನ್ನೊಂದನ್ನು ಮಹಾವೀರ ಚೌಕಟ್ಟು ಹಾಕಿ, ರಸ್ತೆಗೆ ಕಾಣುವ ಹಾಗೆ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಇಟ್ಟ.

ಅಂದಿನಿಂದ ಧರೆಪ್ಪ ಪೇಟೆಗೆ ಹೋದರೆ ತಿರುಗಿ ಬರುವುದು ತಡವಾಗತೊಡಗಿತು. ಬೆಲ್ಲ ತರಲು ಹೋದವನು ಗಾಜಿನ ಮುಂದೆ ನಿಂತಿರುತ್ತಿದ್ದ. ಅಂಥ ಮನೆಯನ್ನು ಮಾರುವ ದೌರ್ಭಾಗ್ಯ ಯಾರಿಗೆ ಬಂತೋ ಎಂದು ಅವನಿಗೆ ಮರುಕವಾಗುತ್ತಿತ್ತು. ಆಮೇಲೆ, ಮಾರುವವನು ತಾನೇ ಎಂಬುದು ನೆನಪಾಗುತ್ತಿತ್ತು.

ಒಂದು ದಿನ ಬಳೆ ಇಡಿಸಿಕೊಳ್ಳಲು ಪೇಟೆಗೆ ಬಂದ ಗಿರಿಜವ್ವ ಆ ಗಾಜಿನ ಮುಂದೆ ನಿಂತಳು. ಆ ತೊಲೆಗಳು ಆಕೆಗೆ ಗುರುತು. ಅವುಗಳ ಇನ್ನೊಂದು ತುದಿ ಆಕೆಯ ಮನೆಯೊಳಗೇ ಇತ್ತು. ಆಕೆ ಬಳೆ ಇಡಿಸಿಕೊಳ್ಳದೆ ಓಡಿದಳು.

"ಧರೆಪ್ಪಾ! ಕಂಬ ಎಲ್ಲೆ?"

ಧರೆಪ್ಪ ಅದೇ ಕಂಬಕ್ಕೆ ಒರಗಿ ಕುಳಿತಿದ್ದ. "ಇಲ್ಲೇ ಐತಲ್ಲ ಗಿರಿಜಕ್ಕಾ."

ಆಕೆ ಕಂಬವನ್ನು ಮುಟ್ಟಿ ನೋಡಿದಳು. ಗುದ್ದಿಯೂ ನೋಡಿದಳು. "ಫೋಟೋದಾಗ ಇಲ್ಲಲ್ಲ?"

"ಫೋಟೋದಾಗ ಇಲ್ಲ. ಖರೆ ಐತಿ ನೀ ಅನ್ನೂದು."

"ಮತ್ತ ಫೋಟೋದಾಗ ಮ್ಯಾಲ ಹೋಗಾಕ ಪಾವಟಿಗಿ ಅದಾವ?"

ಪಾವಟಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ಧರೆಪ್ಪನ ಕಣ್ಣು ಎಲ್ಲಿಗೋ ಹೋಯಿತು. "ಅದಾವ," ಅಂದ ಮೆಲ್ಲಗೆ. "ಮ್ಯಾಲ ಕಿಡಕಿ ಐತಿ. ಗಾಳಿ ಭಾಳ ಚೊಲೋ ಬರ್ತೈತಿ."

ಗಿರಿಜವ್ವ ಎದೆ ಬಡಿದುಕೊಂಡಳು. "ಅಯ್ಯ ನನ ಶಿವನ! ಕಂಬ ತಗದು ಮ್ಯಾಲ ಮಜಲಾ ಏರ್ಸಾಂವ ಇದ್ದಿ! ನನ್ನ ತೊಲಿ ಈ ಕಂಬದ ಮ್ಯಾಲ ನಿಂತಾವೊ ಯಪ್ಪಾ! ಮತ್ತ ನಿಮ್ಮ ಕಿಡಕಿ ನನ್ನ ಬಚ್ಚಲಕ್ಕ ಬರ್ತೈತಿ!"

"ಅಲ್ಲೆ ಬಚ್ಚಲ ಕಾಣೂದಿಲ್ಲ ಗಿರಿಜಕ್ಕಾ," ಎಂದು ಧರೆಪ್ಪ ಸಮಾಧಾನ ಹೇಳಿದ. "ಹಂಸ ಕಾಣ್ತಾವ."

ಇಷ್ಟಾದ ಮೇಲೆ ಗಿರಿಜವ್ವನನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಆಕೆ ನೇರ ಪುರಸಭೆಯ ಓವರ್ಸಿಯರ್ ವಿಠೋಬಾ ಅವರ ಮನೆಗೆ ಹೋಗಿ, ಧರೆಪ್ಪ ಕಂಬ ಕಿತ್ತು ಮಹಡಿ ಕಟ್ಟುತ್ತಿದ್ದಾನೆ, ಗಲ್ಲಿ ಕುಸಿಯುತ್ತದೆ ಎಂದು ದೂರು ಕೊಟ್ಟಳು. ಓವರ್ಸಿಯರ್ ವಿಠೋಬಾ ಕಟ್ಟಡಗಳ ಬಗ್ಗೆ ಬಹಳ ಗಂಭೀರವಾದ ಮನುಷ್ಯ. ಹೊಸ ಮನೆಯ ಶಾಂತಿಗೆ ಕರೆದರೂ ಅವರು ಮೊದಲು ಗೋಡೆ ಬಡಿದು ನೋಡಿ ಆಮೇಲೆ ಹೋಳಿಗೆ ತಿನ್ನುತ್ತಿದ್ದರು. ದಾರಿಯಲ್ಲಿ ಗಾಜಿನ ಕಪಾಟಿನ ಫೋಟೋವನ್ನೂ ನೋಡಿಕೊಂಡು, ಟೇಪು ಹಿಡಿದು ಬಂದರು.

"ಪಾವಟಿಗಿ ಎಲ್ಲಿ ಅದಾವ್ರಿ?"

"ಮಹಾವೀರನ ಅಂಗಡ್ಯಾಗ ಅದಾವ್ರಿ ಸಾಹೇಬ್ರ."

"ಮನಿ ಇಲ್ಲೆ, ಪಾವಟಿಗಿ ಪ್ಯಾಟ್ಯಾಗ?"

"ಸುತ್ತಿ ಇಟ್ಟಾನ್ರಿ. ಲಗ್ನ ಇದ್ದಾಗ ಬಿಚ್ಚತಾನ."

ವಿಠೋಬಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಮ್ಮ ಇಡೀ ನೌಕರಿಯಲ್ಲಿ ಸುತ್ತಿಡುವ ಪಾವಟಿಗೆ ಅವರು ಕಂಡಿರಲಿಲ್ಲ. ಏಣಿ ಹತ್ತಿ ಮಾಳಿಗೆಯ ಮೇಲೆ ಹೋದರು. ಅಲ್ಲಿ ಹಸಿರು ಹುಲ್ಲು ಬೆಳೆದ ಮಣ್ಣು, ಒಣಗಲು ಹಾಕಿದ ಸಂಡಿಗೆ ಬಿಟ್ಟರೆ ಏನೂ ಇರಲಿಲ್ಲ. ಬಹಳ ಹೊತ್ತು ಅಲ್ಲೇ ನಿಂತು ವಿಚಾರ ಮಾಡಿ, ಒಂದು ಸಂಡಿಗೆ ತಿಂದು ಇಳಿದರು.

"ಮಜಲಾ ಇಲ್ಲ," ಎಂದರು ಕೆಳಗೆ ನೆರೆದ ಗಲ್ಲಿಯವರಿಗೆ. "ಆದ್ರ ಪಾವಟಿಗಿ ತಯಾರ ಅದಾವ. ಅಂದ್ರ ಮಾಲು ಮೊದಲ ಬಂದೈತಿ, ಕೆಲಸ ಇನ್ನ ಸುರು ಆಗಬೇಕು. ನಾ ನಿಗಾ ಇಡ್ತೀನಿ."

ಗಲ್ಲಿಯವರು ಧರೆಪ್ಪನನ್ನು ನೋಡುವ ರೀತಿಯೇ ಬದಲಾಯಿತು. ಹೆಸರು ಹಿಡಿದು ಕೂಗುತ್ತಿದ್ದವರು "ಧರೆಪ್ಪನವರ" ಎಂದರು. ಒಬ್ಬ ಮಾಸ್ತರರು ಬಂದು, ಮೇಲಿನ ಖೋಲಿ ಬಾಡಿಗೆಗೆ ಕೊಡುವುದಾದರೆ ಕೆರೆಯ ಕಡೆಯದು ತಮಗಿರಲಿ ಎಂದು ಹೇಳಿಹೋದರು. ಸುದ್ದಿ ರಾಯಬಾಗದ ನೆಂಟರ ಬಾಯಿಯಿಂದ ನಿಪ್ಪಾಣಿಗೂ ಮುಟ್ಟಿತು. ಮುಟ್ಟುವಷ್ಟರಲ್ಲಿ ಅದಕ್ಕೆ ಇನ್ನೊಂದು ಮಜಲಾ ಏರಿತ್ತು.

ಅದೇ ಹೊತ್ತಿಗೆ ಸೋಲಾಪುರದಿಂದ ಫೋನು ಬಂದಿತು. ಎಸ್.ಟಿ.ಡಿ. ಬೂತಿನವನು ಓಡಿ ಬಂದು ಧರೆಪ್ಪನನ್ನು ಕರೆದೊಯ್ದ.

"ಫೋಟೋ ಮುಟ್ಟಿತ್ರಿ," ಎಂದರು ವಿರುಪಾಕ್ಷಪ್ಪ. "ಮನಿ ಪಸಂದ ಆತು. ಪಾವಟಿಗಿ ಅಂದ್ರ ಪಾವಟಿಗಿ! ರವಿವಾರ ನಾವಿಬ್ಬರೂ ಬರ್ತೇವಿ."

ಧರೆಪ್ಪನಿಗೆ ಎಲ್ಲಿಲ್ಲದ ಧೈರ್ಯ ಬಂತು. "ಸಾಹೇಬ್ರ, ಆ ಪಾವಟಿಗಿ ಖರೇವಲ್ರಿ!" ಎಂದು ಕೂಗಿದ.

"ಹೌದ್ರಿ, ಖರೇನ ಭಾಳ ಚಂದ ಅದಾವ," ಎಂದಿತು ಫೋನು. ಕರ್ ಕರ್ ಎಂದು ಸದ್ದಾಗಿ ಲೈನು ಹೋಯಿತು.

ಮನೆಗೆ ಬಂದರೆ ನಿಪ್ಪಾಣಿಯ ಸುದ್ದಿ. ರಾವಸಾಹೇಬ ಕೂಡ ಅದೇ ರವಿವಾರ ಮಹಡಿ ನೋಡಲು ಬರುವವನಿದ್ದ.

"ಬಂದ ಕೂಡಲೇ ಎಲ್ಲಾರಿಗೂ ಖರೆ ಹೇಳಿಬಿಡ್ರಿ," ಅಂದಳು ಗೌರಾಬಾಯಿ.

"ಹೇಳ್ತೇನಿ. ಚಾ ಕುಡದ ಮ್ಯಾಲ ಹೇಳ್ತೇನಿ. ಬಂದವರ ಮಾರಿ ಬಾಗಲದಾಗ ಸಣ್ಣದು ಮಾಡಬಾರದು."

ಹೀಗೆಂದು ಧರೆಪ್ಪ ಮಹಾವೀರನ ಕಾಲು ಹಿಡಿದು ಪರದೆ ಮತ್ತೆ ತಂದ. ಚಹಾ ಮುಗಿಯುವ ತನಕ ಮಾತ್ರ ಎಂಬುದು ಅವನ ಲೆಕ್ಕ. ಗಿರಿಜವ್ವ ಈ ಸಲ ಎಮ್ಮೆಯನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಆಕೆಗೆ ಎಲ್ಲವನ್ನೂ ಕಣ್ಣಾರೆ ನೋಡಬೇಕಾಗಿತ್ತು. ಎಮ್ಮೆ ತನ್ನ ಜಾಗದಲ್ಲೇ, ಪರದೆಯ ಹಿಂದೆ, ಹಸಿ ಹುಲ್ಲು ತಿನ್ನುತ್ತ ಉಳಿಯಿತು.

ರವಿವಾರ ಮಧ್ಯಾಹ್ನ ವಿರುಪಾಕ್ಷಪ್ಪ, ಅವರ ಹೆಂಡತಿ ಸುಂದ್ರವ್ವ ಟಾಂಗಾದಿಂದ ಇಳಿದರು. ಅವರ ಹಿಂದೆಯೇ ರಾವಸಾಹೇಬ ಬಂದ. ನಿಗಾ ಇಡಲು ಓವರ್ಸಿಯರ್ ವಿಠೋಬಾ ಬಂದರು. ಗಿರಿಜವ್ವ ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದಳು. ಧರೆಪ್ಪ ಒಬ್ಬರಿಗೂ ಎದುರು ಹೋಗಲಿಲ್ಲ. ಅವನು ಕಂಬಕ್ಕೆ ಬೆನ್ನು ಹಚ್ಚಿ, ಎರಡೂ ಕೈ ಅಗಲ ಮಾಡಿ, ಕಂಬ ಕಾಣದಂತೆ ಮರೆಮಾಡಿ ನಿಂತಿದ್ದ. ಕಂಬ ಅವನ ಎರಡೂ ಭುಜದ ಆಚೆ ಕಾಣುತ್ತಿತ್ತು, ತಲೆಯ ಮೇಲೆ ಸೂರಿನ ತನಕ ಕಾಣುತ್ತಿತ್ತು.

"ಬರ್ರಿ, ಬರ್ರಿ, ಕುಂದರ್ರಿ," ಅಂದ ನಿಂತಲ್ಲಿಂದಲೇ.

"ಇಂವಗ ಯಾಕ ಕಟ್ಟಿ ಹಾಕ್ಯಾರ?" ಎಂದ ರಾವಸಾಹೇಬ.

ಆದರೆ ಅವನ ಮಾತು ಅಲ್ಲಿಗೇ ನಿಂತಿತು. ಬೆಳಕಿಂಡಿಯ ಬಿಸಿಲು ಓರೆಯಾಗಿ ಪರದೆಯ ಮೇಲೆ ಬಿದ್ದಿತ್ತು. ಆ ಮಂದ ಬೆಳಕಿನಲ್ಲಿ ಪಾವಟಿಗೆಗಳು ನಿಜಕ್ಕಿಂತ ನಿಜವಾಗಿ ಮೇಲೆ ಹೋಗಿದ್ದವು. ನಿಪ್ಪಾಣಿಯ ಬಂಗಲೆಯ ಯಜಮಾನನ ಬಾಯಿ ತೆರೆದದ್ದು ಮುಚ್ಚಲಿಲ್ಲ. ವಿಠೋಬಾ ಕೈಯಲ್ಲಿದ್ದ ಟೇಪು ಬಿಚ್ಚಿದ್ದನ್ನು ಮರೆತರು. ವಿರುಪಾಕ್ಷಪ್ಪ ಕೈ ಮುಗಿಯುವವರಂತೆ ನಿಂತರು. ಹಾಲು ಒಲೆಯ ಮೇಲಿತ್ತು, ಚಹಾ ಇನ್ನೂ ಬಂದಿರಲಿಲ್ಲ.

ಸುಂದ್ರವ್ವ ಮಾತ್ರ ಸಪ್ಪಗಿದ್ದಳು. ದಪ್ಪ ಕನ್ನಡಕದ, ಕಾಲು ಎಳೆದು ನಡೆಯುವ ಹೆಂಗಸು. ಬಂದಾಗಿನಿಂದ ಒಂದು ಮಾತು ಆಡಿರಲಿಲ್ಲ. ಆಕೆ ಪಾವಟಿಗೆಗಳನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ದೊಡ್ಡದೊಂದು ಉಸಿರು ಬಿಟ್ಟು, "ಆತು, ಹಣೇಬರಾ," ಎಂದು ತನ್ನಷ್ಟಕ್ಕೆ ಅಂದುಕೊಂಡಳು. ನಿರಿಗೆ ಎತ್ತಿ ಹಿಡಿದು ಮುಂದೆ ನಡೆದಳು.

ಯಾರೂ ತಡೆಯಲಿಲ್ಲ. ಧರೆಪ್ಪನಿಗಂತೂ ಆ ಗಳಿಗೆಯಲ್ಲಿ, ಈಕೆ ಹತ್ತಿಯೇ ಬಿಡುತ್ತಾಳೆ, ಮೇಲೆ ಹೋಗಿ ಕಿಟಕಿಯಿಂದ ಎಲ್ಲರಿಗೂ ಕೈ ಬೀಸುತ್ತಾಳೆ ಎಂದೇ ಅನಿಸಿತು.

ಸುಂದ್ರವ್ವ ಬಲಗಾಲು ಎತ್ತಿ ಮೊದಲನೆಯ ಪಾವಟಿಗೆಯ ಮೇಲೆ ಇಟ್ಟಳು.

ಪರ್ ಎಂದು ಸದ್ದಾಯಿತು. ಸುಂದ್ರವ್ವ ಪಾವಟಿಗೆಗಳ ಒಳಗೆ ಹೊಕ್ಕು ಮಾಯವಾದಳು. ಹಗ್ಗ ಜಗ್ಗಿ ಪರದೆ ಕೆಳಗೆ ಜಾರಿ ನಡುವೆ ಹರಿಯಿತು. ಕೆರೆಯ ಜಾಗದಿಂದ, ಎರಡು ಹಂಸಗಳ ನಡುವೆ, ಎಮ್ಮೆಯ ಮುಖ ಹೊರಗೆ ಬಂತು. ಅದು ಒಬ್ಬೊಬ್ಬರನ್ನೂ ಸಾವಕಾಶ ನೋಡಿ, ಗಟ್ಟಿಯಾಗಿ ಸೀನಿತು.

"ಏ ಸುಂದ್ರಾ!" ವಿರುಪಾಕ್ಷಪ್ಪ ಚೀರಿದರು.

ಎಲ್ಲರೂ ಓಡಿಹೋಗಿ ಪರದೆ ಸರಿಸಿದರು. ಸುಂದ್ರವ್ವ ಹುಲ್ಲಿನ ರಾಶಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಏನೂ ಪೆಟ್ಟಾಗಿರಲಿಲ್ಲ. ಒಂದು ಕೈಯಲ್ಲಿ ಎಮ್ಮೆಯ ಕೊರಳು ಹಿಡಿದಿದ್ದಳು, ಇನ್ನೊಂದು ಕೈಯಿಂದ ಕನ್ನಡಕ ಹುಡುಕುತ್ತಿದ್ದಳು.

ಧರೆಪ್ಪ ಕಂಬ ಬಿಟ್ಟು ಮುಂದೆ ಬಂದ. ಈ ಸಲ ಅವನ ಮನಸ್ಸು ಎಲ್ಲಿಗೂ ಹೋಗಿರಲಿಲ್ಲ.

"ತಪ್ಪಾತ್ರಿ," ಅಂದ. "ಪಾವಟಿಗಿ ಬಣ್ಣದ್ದರಿ. ಮ್ಯಾಲ ಏನೂ ಇಲ್ರಿ. ಈ ಕಂಬ ಮಾತ್ರ ಖರೇದು. ಫೋಟೋದಾಗ ಇದನ್ನ ಕತ್ತರಿಸಿ ತಗದೇವ್ರಿ. ನಿಮಗ ಫೋನಿನ್ಯಾಗ ಹೇಳಾಕ ಹೋದೆ, ಲೈನ್ ಹೋತು. ಚಾ ಕುಡದ ಮ್ಯಾಲ ಹೇಳಾಂವ ಇದ್ದೆ."

"ಮೋಸ!" ವಿರುಪಾಕ್ಷಪ್ಪನವರ ಮುಖ ಕೆಂಪಾಯಿತು. "ಸುಂದ್ರಾ, ಏಳು. ಇಲ್ಲಿ ನೀರ ಸೈತ ಕುಡಿಯೂದು ಬ್ಯಾಡ."

ರಾವಸಾಹೇಬನ ಬಾಯಿ ಈಗ ಮುಚ್ಚಿ, ನಗುವುದಕ್ಕಾಗಿ ಮತ್ತೆ ತೆರೆಯುವುದರಲ್ಲಿತ್ತು. ಅಷ್ಟರಲ್ಲಿ ಸುಂದ್ರವ್ವ ಕೇಳಿದಳು:

"ಖರೇನ ಪಾವಟಿಗಿ ಇಲ್ಲೇನಪಾ?"

"ಇಲ್ಲವಾ."

"ಹತ್ತೂದು ಇಳಿಯೂದು ಏನೂ ಇಲ್ಲ?"

"ಇಲ್ಲವಾ. ಎಲ್ಲಾ ನೆಲದ ಮ್ಯಾಲ."

ಸುಂದ್ರವ್ವ ನಗತೊಡಗಿದಳು. ನಗುತ್ತ ನಗುತ್ತ ಆಕೆಯ ಕಣ್ಣಲ್ಲಿ ನೀರು ಬಂತು. "ಮದಿವ್ಯಾಗಿ ಹೋದಾಗಿಂದ ಸೋಲಾಪುರದ ಚಾಳದಾಗ ಮ್ಯಾಲಿನ ಖೋಲಿ ನಮದು," ಅಂದಳು ಗೌರಾಬಾಯಿಯ ಕೈ ಹಿಡಿದು ಏಳುತ್ತ. "ನೀರಿಗಿ ಇಳಿ, ಹತ್ತು. ಸಂತಿಗಿ ಇಳಿ, ಹತ್ತು. ಮೊಣಕಾಲ ಸವದು ಹೋಗ್ಯಾವ. ಇವರು ಆ ಫೋಟೋ ತಂದು ತೋರಿಸಿ, ನೋಡು ಪಾವಟಿಗಿ ಎಷ್ಟ ಚಂದ ಅದಾವ ಅಂದ್ರು. ಅವತ್ತಿನಿಂದ ನನಗ ಅನ್ನ ಸೇರಿಲ್ಲ ನೋಡವಾ. ಬಾಯಿ ಬಿಟ್ಟು ಹೆಂಗ ಹೇಳಲಿ, ಅವರಿಗೆ ಅಷ್ಟ ಮನಸಾಗಿತ್ತು."

ವಿರುಪಾಕ್ಷಪ್ಪ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದರು.

ಆಕೆ ಕುಂಟುತ್ತ ಬಂದು ಕಂಬಕ್ಕೆ ಒರಗಿ ಕುಳಿತಳು. ತಲೆತಲಾಂತರದ ಬೆನ್ನುಗಳು ಸವೆಸಿದ ಜಾಗ ಆಕೆಯ ಬೆನ್ನಿಗೂ ಸರಿ ಹೊಂದಿತು. ಕಣ್ಣು ಮುಚ್ಚಿದಳು. "ಇಷ್ಟ ಚೊಲೋ ಕಂಬ ಯಾಕ ತಗದಿದ್ರಿ ಫೋಟೋದಾಗಿಂದ? ಇದ ಮನಿ ಬೇಕ ನನಗ."

ಎಲ್ಲರೂ ಧರೆಪ್ಪನನ್ನು ನೋಡಿದರು. ಧರೆಪ್ಪ ಕಂಬವನ್ನು, ಹೊಗೆ ಹಿಡಿದ ತೊಲೆಗಳನ್ನು, ಹರಿದ ಕೆರೆಯಿಂದ ಇಣುಕುವ ಎಮ್ಮೆಯನ್ನು ನೋಡಿದ. "ಮನಿ ಕೊಡಾಕ ಮನಸಾಗವಲ್ದ್ರಿ," ಅಂದ. "ಹಿಂತಾ ಮನಿ ಮತ್ತ ಸಿಗೂದಿಲ್ಲ."

"ಕೊಡ್ತೇವ್ರಿ," ಎಂದಳು ಗೌರಾಬಾಯಿ ಚಹಾದ ಕಪ್ಪು ಸುಂದ್ರವ್ವನ ಕೈಗೆ ಕೊಡುತ್ತ. "ಇವರಿಗೆ ಒಂದೊಂದ 'ಮತ್ತ ಸಿಗೂದಿಲ್ಲ' ದಿನಾ ಸಿಗತಾವ. ನೀವು ಚಾ ಕುಡೀರಿ."

ಹೀಗೆ ಮನೆ ಕೈ ಬದಲಾಯಿಸಿತು. ಕಂಬ ನಿಂತದ್ದರಿಂದ ಗಿರಿಜವ್ವನ ತೊಲೆಗಳು ಉಳಿದವು. ವಿಠೋಬಾ ಬಿಚ್ಚಿದ ಟೇಪನ್ನು ಹೇಗೆ ಸುತ್ತಬೇಕೆಂದು ತಿಳಿಯದೆ, ಎಮ್ಮೆಯನ್ನೇ ಅಳೆದಂತೆ ಮಾಡಿ ಹೋದರು. ಪರದೆಯ ಹರಕನ್ನು ಮಹಾವೀರ ಹೊಲಿಸಿ, ಅಲ್ಲಿ ಮೂರನೆಯ ಹಂಸ ಬರೆಸಿದ. ಮುಂದಿನ ಮದುಮಕ್ಕಳಿಗೆ ಅದೇ ಹೆಚ್ಚು ಸೇರಿತು.

ಬೇಸಿಗೆಗೆ ಧರೆಪ್ಪ, ಗೌರಾಬಾಯಿ ತೋಟಕ್ಕೆ ಹೋದರು. ಬಂಗಲೆ ಏಳುವ ತನಕ ಇರಲು ದ್ರಾಕ್ಷಿ ಚಪ್ಪರದ ಪಕ್ಕ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಗೋಡೆ ಕಟ್ಟುವ ಗವಂಡಿ ಇನ್ನೂ ಬಂದಿರಲಿಲ್ಲ. ಒಂದು ಸಂಜೆ ಬೇಸರವಾಗಿ ಗೌರಾಬಾಯಿಯೇ ಬುಟ್ಟಿಯಲ್ಲಿ ಸುಣ್ಣದ ಪುಡಿ ತಂದು, ಖಾಲಿ ನೆಲದ ಮೇಲೆ ಗೆರೆ ಎಳೆಯತೊಡಗಿದಳು. ಇದು ಪಡಸಾಲೆ. ಇದು ಅಡುಗೆ ಮನೆ, ಹೊಗೆ ಹೋಗಲು ಈ ಕಡೆ ಕಿಟಕಿ. ಧರೆಪ್ಪ ಅವಳ ಹಿಂದೆ ಹಿಂದೆ ನಡೆದು, ಬಾಗಿಲು ಬರುವಲ್ಲಿ ಕಾಲಿನಿಂದ ಗೆರೆ ಒರೆಸಿ ದಾರಿ ಬಿಡುತ್ತಿದ್ದ.

ಆ ಹೊತ್ತಿಗೆ ಮೋಟರ್ ಸೈಕಲ್ ಬಂದು ನಿಂತಿತು. ರಾವಸಾಹೇಬ ಇಳಿದು, ಬಯಲನ್ನು ಒಮ್ಮೆ ನೋಡಿ, ಸೊಂಟಕ್ಕೆ ಕೈ ಇಟ್ಟುಕೊಂಡು ಗೆರೆಗಳ ನಡುವೆ ಬಂದು ನಿಂತ.

"ಎಲ್ಲೆ ಐತೊ ಧರೆಪ್ಪಾ, ನಿನ್ನ ಬಂಗಲೆ?"

ಗೌರಾಬಾಯಿ ಬುಟ್ಟಿ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು ಅಂದಳು:

"ಮಾವಾರ, ಗ್ವಾಡಿ ಹಾದು ಬಂದೀರಿ. ಅದೂ ಚಪ್ಪಲಿ ಮೆಟಗೊಂಡು."

ರಾವಸಾಹೇಬ ನಗಲು ಬಾಯಿ ತೆರೆದ. ಅವಳು ನಗಲಿಲ್ಲ. ಧರೆಪ್ಪನೂ ನಗಲಿಲ್ಲ. ಬಳ್ಳಿಗಳ ಮೇಲಿನ ಬೆಳಕು ತಿಳಿಯಾಗಿ, ಬಿಳಿ ಗೆರೆಗಳು ನೆಲದಿಂದ ತುಸು ಮೇಲೆದ್ದಂತೆ ಕಾಣುತ್ತಿದ್ದವು. ನಿಪ್ಪಾಣಿಯ ರಾವಸಾಹೇಬ ತನ್ನ ಕಾಲು ನೋಡಿಕೊಂಡ, ಗೆರೆ ನೋಡಿದ. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಗೆರೆಯಾಚೆ ಚಪ್ಪಲಿ ಬಿಟ್ಟು, ಸುತ್ತು ಹಾಕಿಕೊಂಡು ಬಾಗಿಲಿಗೆ ಬಂದ. ಒಳಗೆ ಕಾಲಿಡುವ ಮೊದಲು ಎತ್ತರದ ಮನುಷ್ಯ ತಲೆಯನ್ನು ತುಸು ಬಗ್ಗಿಸಿದ.